ರೇಡಿಯೋದ ಮುಳ್ಳು ಮತ್ತು ಹೆಸರು ಕೇಳದ ಬ್ಯಾಂಡುಗಳು



ಉಮರಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ರೇಡಿಯೋ ಕೇಳಿ ಬೆಳೆದವರಿಗೆ ಯಾರೂ ಕಲಿಸದೆ ಬಂದ ಒಂದು ವಿದ್ಯೆ ಇದೆ. ಅದು ಮುಳ್ಳು ತಿರುವುವ ವಿದ್ಯೆ. ಗುಲಬರ್ಗಾ ಕೇಂದ್ರದ ಕನ್ನಡ, ಔರಂಗಾಬಾದಿನ ಮರಾಠಿ, ಹೈದರಾಬಾದಿನ ತೆಲುಗು ಮತ್ತು ಉರ್ದು, ಸಿಲೋನಿನ ಹಿಂದಿ ಇವೆಲ್ಲ ಒಂದೇ ಪೆಟ್ಟಿಗೆಯೊಳಗೆ ಒಂದರ ಮಗ್ಗುಲಿಗೆ ಒಂದು ಕೂತಿದ್ದವು. ಕೂದಲೆಳೆಯಷ್ಟು ಆಚೀಚೆ ಆದರೂ ಭಾಷೆ ಬದಲಾಗುತ್ತಿತ್ತು. ಹಗಲು ಬರೀ ಕರಕರ ಎನ್ನುತ್ತಿದ್ದ ಜಾಗದಲ್ಲಿ ರಾತ್ರಿ ಯಾರೋ ಹಾಡುತ್ತಿದ್ದರು. ಅದಕ್ಕೆ ಕಾರಣವೂ ಉಂಟು. ಆಕಾಶದ ಎತ್ತರದಲ್ಲಿರುವ ವಿದ್ಯುತ್ಕಣಗಳ ಕೆಳಪದರವು ಹಗಲಿನಲ್ಲಿ ಮಧ್ಯಮ ತರಂಗಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ತೆಳುವಾಗುತ್ತದೆ. ಆಗ ತರಂಗವು ಅದಕ್ಕೂ ಮೇಲಿನ ಪದರಕ್ಕೆ ತಾಗಿ, ಬಾಗಿ, ನೂರಾರು ಮೈಲಿ ಆಚೆ ಬಂದು ಇಳಿಯುತ್ತದೆ.

ಈ ಮಾತನ್ನು ಮೊದಲೇ ಹೇಳಲು ಕಾರಣ, ಇಂದಿನ ವಿಷಯಕ್ಕೆ ಬೇಕಾದದ್ದೂ ಅದೇ ವಿದ್ಯೆ. ದೊಡ್ಡ ಕಂಪನಿಯ ಬೆಂಬಲವಿಲ್ಲದ, ಸಿನಿಮಾದ ನೆರಳಿಲ್ಲದ, ಹೆಸರೇ ಕೇಳಿರದ ಗಿಟಾರು ತಂಡಗಳನ್ನು ಹುಡುಕಿ ಕೇಳುವುದು ಹೇಗೆ? ಇಂಡೀ, ಪಂಕ್, ಗ್ರಂಜ್ ಎಂಬ ಮಾತುಗಳನ್ನು ಕಾಲೇಜು ಹುಡುಗರು ಆಡುತ್ತಾರೆ. ಮನೆಯ ಹಿರಿಯರಿಗೆ ಅದು ಬರೀ ಗದ್ದಲ. ಇಬ್ಬರಿಗೂ ಪ್ರಯೋಜನವಾಗುವ ಹಾಗೆ ಹೇಳಲು ಪ್ರಯತ್ನಿಸುತ್ತೇನೆ.

ಇಂಡೀ ಎಂದರೆ ಸ್ವತಂತ್ರ ಎಂದಷ್ಟೇ ಅರ್ಥ. ತನ್ನ ಹಾಡನ್ನು ತಾನೇ, ಇಲ್ಲವೇ ಸಣ್ಣ ಸಂಸ್ಥೆಯ ಮೂಲಕ ಹೊರತರುವ ತಂಡ. ಪಂಕ್ ಎಂಬುದು 1976ರ ಸುಮಾರಿಗೆ ನ್ಯೂಯಾರ್ಕಿನಲ್ಲಿಯೂ ಲಂಡನ್ನಿನಲ್ಲಿಯೂ ಎದ್ದ ಹಾಡಿಕೆ. ಮೂರು ನಿಮಿಷ, ಮೂರು ಸ್ವರಮೇಳ, ಉಸಿರು ಬಿಡದ ಓಟ. ಸಂಗೀತ ಕಲಿತು ಮುಗಿಸಿದ ಮೇಲೆಯೇ ಹಾಡಬೇಕೆಂಬ ಕಟ್ಟುಪಾಡನ್ನು ಅದು ಒಪ್ಪಲಿಲ್ಲ. ಗ್ರಂಜ್ ಹುಟ್ಟಿದ್ದು ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ಸುತ್ತ, ಎಂಬತ್ತರ ದಶಕದ ನಡುವಿನಲ್ಲಿ. ಪಂಕಿನ ಸಿಟ್ಟು, ಹೆವಿ ಮೆಟಲ್ಲಿನ ಭಾರ, ಎರಡೂ ಅದರಲ್ಲಿ ಕೂಡಿಕೊಂಡವು.

ಇನ್ನು ಆ ಗದ್ದಲದ ವಿಚಾರ. ಜಾತ್ರೆಯಲ್ಲಿ ಭಜನಿ ಮೇಳದವರು ಕೊಂಬಿನ ಲೌಡ್‌ಸ್ಪೀಕರಿಗೆ ಮಿತಿಮೀರಿ ಧ್ವನಿ ಕೊಟ್ಟಾಗ ದನಿ ಒಡೆದು ಬರುವುದನ್ನು ನೀವು ಕೇಳಿದ್ದೀರಿ. ಯಂತ್ರದ ಶಕ್ತಿಗಿಂತ ಹೆಚ್ಚು ನೂಕಿದಾಗ ನಾದದ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಮೂಲದಲ್ಲಿ ಇಲ್ಲದ ಉಪಸ್ವರಗಳು ಅದರೊಳಗೆ ಸೇರಿಕೊಳ್ಳುತ್ತವೆ. ನಮ್ಮ ಮೇಳದವರಿಗೆ ಅದು ದೋಷ. ಗಿಟಾರಿನವರು ಅದನ್ನೇ ಬೇಕೆಂದು ತರುತ್ತಾರೆ. ಒಡೆದ ದನಿಯಲ್ಲಿ ಒಂದು ತಂತಿ ಹತ್ತು ತಂತಿಯಷ್ಟು ತುಂಬಿಕೊಂಡು ಕೇಳುತ್ತದೆ, ಮೂರೇ ಜನರ ತಂಡಕ್ಕೂ ಮೂವತ್ತು ಜನರ ಕಸುವು ಬರುತ್ತದೆ. ಇಷ್ಟು ತಿಳಿದು ಕೇಳಿದರೆ ಗದ್ದಲದೊಳಗಿನ ಹಾಡು ಕಿವಿಗೆ ಸಿಗುತ್ತದೆ. ಸಿಗದಿದ್ದರೂ ಚಿಂತೆಯಿಲ್ಲ. ಎಲ್ಲರೂ ಎಲ್ಲವನ್ನೂ ಮೆಚ್ಚಬೇಕೆಂಬ ಕಾಯಿದೆ ಇಲ್ಲ.

ಇಂಥ ತಂಡಗಳು ಜನರ ಕಿವಿಗೆ ತಲುಪಿದ ಬಗೆಯನ್ನು ನೋಡಿದರೆ, ಹುಡುಕುವ ದಾರಿಯೂ ಅಲ್ಲಿಯೇ ಕಾಣುತ್ತದೆ. ನಮ್ಮ ಸೀಮೆಯವರು ಮೊದಲು ತಿಳಿಯಬೇಕಾದ ಕತೆ ಡೆರಿ ಎಂಬ ಪಟ್ಟಣದ್ದು. ಅದು ಉತ್ತರ ಐರ್ಲೆಂಡಿನ ಗಡಿಯ ಊರು. ಕೆಲವೇ ಮೈಲಿ ನಡೆದರೆ ಇನ್ನೊಂದು ದೇಶ. ಒಂದೇ ಊರಿಗೆ ಎರಡು ಹೆಸರು. ಯಾವ ಹೆಸರು ಹೇಳುತ್ತೀರಿ ಎಂಬುದರ ಮೇಲೆ ನೀವು ಯಾವ ಪಕ್ಷದವರೆಂದು ಜನ ಲೆಕ್ಕ ಹಾಕುತ್ತಿದ್ದರು. 1972ರ ಜನವರಿಯಲ್ಲಿ ಅಲ್ಲಿ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿ, ಆ ದಿನವೇ 13 ಜನ ಸತ್ತರು. ಅಂಥ ಊರಿನ ಐದು ಹುಡುಗರು ‘ಅಂಡರ್‌ಟೋನ್ಸ್’ ಎಂಬ ತಂಡ ಕಟ್ಟಿದರು. ಬೆಲ್‌ಫಾಸ್ಟ್ ನಗರದಲ್ಲಿ, ಬಾಂಬುಗಳ ನಡುವೆ, ಟೆರಿ ಹೂಲಿ ಎಂಬಾತ ‘ಗುಡ್ ವೈಬ್ರೇಷನ್ಸ್’ ಎಂಬ ಹೆಸರಿನಲ್ಲಿ ರೆಕಾರ್ಡಿನ ಅಂಗಡಿ ಇಟ್ಟಿದ್ದ. ಅದೇ ಹೆಸರಿನಿಂದ ಅವನು 1978ರಲ್ಲಿ ಈ ಹುಡುಗರ ಹಾಡನ್ನು ಹೊರತಂದ. ಲಂಡನ್ನಿನ ಕಂಪನಿಗಳಿಗೆ ಒಯ್ದು ತೋರಿಸಿದರೆ ಯಾರಿಗೂ ಬೇಡವಾಯಿತು.

ಆಗ ಆ ರೆಕಾರ್ಡು ಬಿಬಿಸಿಯ ಜಾನ್ ಪೀಲ್ ಕೈಗೆ ಬಂತು. ಪೀಲ್ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿ ಹಾಡು ಹಾಕಿದ ಮನುಷ್ಯ. ಆಗ ಅವನ ಕಾರ್ಯಕ್ರಮ ರಾತ್ರಿ ಹತ್ತರ ಮೇಲೆ. ಹಗಲಿನಲ್ಲಿ ಜಾಗ ಸಿಗದ ಹಾಡಿಗೆ ರಾತ್ರಿಯೇ ಗತಿ ಎಂಬುದು ಬಹುಶಃ ಎಲ್ಲ ದೇಶಗಳ ರೇಡಿಯೋದ ಪದ್ಧತಿ. ಯಾರು ಕಳಿಸಿದ ಹಾಡಾದರೂ ಅವನು ಕೇಳುತ್ತಿದ್ದ. ತಂಡದ ಹೆಸರು ದೊಡ್ಡದೋ ಸಣ್ಣದೋ ನೋಡುತ್ತಿರಲಿಲ್ಲ. ಅಂಡರ್‌ಟೋನ್ಸ್ ಹುಡುಗರ ಹಾಡನ್ನು ಅವನು ಒಮ್ಮೆ ಹಾಕಿದ, ಮುಗಿದ ಕೂಡಲೇ ಮತ್ತೊಮ್ಮೆ ಹಾಕಿದ. ರೇಡಿಯೋದಲ್ಲಿ ಹೀಗೆ ಮಾಡುವವರು ಇಲ್ಲ. ಸೈರ್ ಎಂಬ ಅಮೆರಿಕದ ಕಂಪನಿಯ ಒಡೆಯ ಸೇಮೂರ್ ಸ್ಟೈನ್ ಪೀಲ್ ಹಾಕಿದ ಆ ಹಾಡನ್ನು ಕಾರಿನಲ್ಲಿ ಕೇಳಿ, ಡೆರಿಗೆ ಆಳು ಕಳಿಸಿ ತಂಡದೊಡನೆ ಒಪ್ಪಂದ ಮಾಡಿಕೊಂಡ. ಪೀಲನ ಸಮಾಧಿಯ ಕಲ್ಲಿನ ಮೇಲೆ ಇಂದು ಅದೇ ಹಾಡಿನ ಒಂದು ಸಾಲು ಇದೆ.

ಹಾಡು ಯಾವುದರ ಬಗ್ಗೆ ಎಂದು ನೀವು ಕೇಳಬಹುದು. ಗುಂಡಿನ ಬಗ್ಗೆ ಅಲ್ಲ, ಗಡಿಯ ಬಗ್ಗೆ ಅಲ್ಲ. ಹದಿನಾರರ ಹುಡುಗನೊಬ್ಬ ಹುಡುಗಿಯನ್ನು ಕಂಡು ಪಡುವ ಪಾಡು, ಅಷ್ಟೇ. ಗಡಿಯ ಜನ ಸದಾ ಗಡಿಯ ಗೋಳನ್ನೇ ಹಾಡಬೇಕೆಂದು ಹೊರಗಿನವರು ಬಯಸುತ್ತಾರೆ. ಈ ಹುಡುಗರು ಹಾಗೆ ಮಾಡಲಿಲ್ಲ. ನನಗೆ ಇದರಲ್ಲಿ ಬಹಳ ದೊಡ್ಡ ಧೈರ್ಯ ಕಾಣುತ್ತದೆ.

ಎರಡನೆಯ ಕತೆ ಅಮೆರಿಕದ ಅಬರ್ಡೀನ್ ಎಂಬ ಊರಿನದು. ಸಿಯಾಟಲಿನಿಂದ ನೂರು ಮೈಲಿಗೂ ಮೇಲೆ ದೂರ, ಮರ ಕಡಿದು ಸಾಗಿಸುವ ಸಣ್ಣ ಊರು. ಅಲ್ಲಿನ ಕರ್ಟ್ ಕೋಬೇನ್ ಎಂಬ ಹುಡುಗ ಪಂಕ್ ಎಂಬುದನ್ನು ಕೇಳುವ ಮೊದಲು ಪತ್ರಿಕೆಯಲ್ಲಿ ಓದಿದ್ದ. ಅದು ಹೇಗಿರಬಹುದು ಎಂದು ಊಹಿಸಿಕೊಂಡು ಗಿಟಾರು ಬಾರಿಸುತ್ತಿದ್ದ. ಪಕ್ಕದ ಊರಿನ ಬಜ್ ಆಸ್ಬೋರ್ನ್, ‘ಮೆಲ್ವಿನ್ಸ್’ ತಂಡದವನು, ಅವನಿಗೆ ಒಳ್ಳೆಯ ಹಾಡುಗಳನ್ನು ಆರಿಸಿ ಕ್ಯಾಸೆಟ್ಟು ತುಂಬಿಸಿಕೊಟ್ಟ. ಕ್ಯಾಸೆಟ್ ಅಂಗಡಿಯಲ್ಲಿ ಚೀಟಿ ಬರೆದುಕೊಟ್ಟು ಹಾಡು ತುಂಬಿಸಿಕೊಂಡ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಿಯಾಟಲಿನಲ್ಲಿ ‘ಸಬ್ ಪಾಪ್’ ಎಂಬ ಸಣ್ಣ ಸಂಸ್ಥೆ ಇತ್ತು. ಅದರ ಬೇರು, ಬ್ರೂಸ್ ಪೆವಿಟ್ 1980ರಲ್ಲಿ ಶುರುಮಾಡಿದ ಕೈಬರಹದಂಥ ಒಂದು ಪತ್ರಿಕೆಯಲ್ಲಿದೆ. ಅದರ ಕೆಲವು ಸಂಚಿಕೆಗಳು ಕಾಗದದ ಬದಲು ಕ್ಯಾಸೆಟ್ಟಿನ ರೂಪದಲ್ಲಿ ಬಂದವು. ಅವನ ಜೊತೆಗಾರ ಜೊನಾಥನ್ ಪೋನ್‌ಮನ್ ವಿಶ್ವವಿದ್ಯಾಲಯದ ರೇಡಿಯೋದಲ್ಲಿ ಹಾಡು ಹಾಕುತ್ತಿದ್ದವನು. ಈ ಸಂಸ್ಥೆ 1988ರ ನವೆಂಬರಿನಲ್ಲಿ ಕೋಬೇನನ ‘ನಿರ್ವಾಣ’ ತಂಡದ ಮೊದಲ ರೆಕಾರ್ಡನ್ನು ಕೇವಲ 1000 ಪ್ರತಿ ತೆಗೆಯಿತು. 1989ರ ಮೊದಲ ಆಲ್ಬಮ್ಮಿನ ಧ್ವನಿಮುದ್ರಣಕ್ಕೆ ತಗುಲಿದ ಖರ್ಚು 606 ಡಾಲರು 17 ಸೆಂಟು. ಎರಡನೆಯ ಆಲ್ಬಮ್ ‘ನೆವರ್‌ಮೈಂಡ್’ ದೊಡ್ಡ ಕಂಪನಿಯಿಂದ 1991ರ ಸೆಪ್ಟೆಂಬರಿನಲ್ಲಿ ಬಂದು, 1992ರ ಜನವರಿಯಲ್ಲಿ ಮೈಕಲ್ ಜಾಕ್ಸನ್ನನನ್ನು ಪಟ್ಟಿಯ ಮೊದಲ ಸ್ಥಾನದಿಂದ ಕೆಳಗಿಳಿಸಿತು.

ಆಮೇಲಿನ ಗೆಲುವು, 1994ರಲ್ಲಿ 27ರ ವಯಸ್ಸಿಗೇ ಅವನ ಸಾವು, ಇವು ಎಲ್ಲರಿಗೂ ಗೊತ್ತು. ನಮಗೆ ಬೇಕಾದದ್ದು ಬೇರೆ. 1993ರ ನವೆಂಬರಿನಲ್ಲಿ ಎಂಟಿವಿಯ ಮುಂದೆ ಕೂತು ಹಾಡುವಾಗ ಕೋಬೇನ್ ತನ್ನ ಜನಪ್ರಿಯ ಹಾಡುಗಳ ಹಿಂದೆ ಬೀಳಲಿಲ್ಲ. ‘ಮೀಟ್ ಪಪೆಟ್ಸ್’ ಎಂಬ ಹೆಚ್ಚು ಪ್ರಸಿದ್ಧಿಯಿಲ್ಲದ ತಂಡದ ಅಣ್ಣತಮ್ಮಂದಿರನ್ನು ವೇದಿಕೆಗೆ ಕರೆದು, ಅವರ ಮೂರು ಹಾಡು ಹಾಡಿದ. ‘ವ್ಯಾಸಲೀನ್ಸ್’ ಎಂಬ ಸ್ಕಾಟ್ಲೆಂಡಿನ ತಂಡದ ಒಂದು, ಲೆಡ್ ಬೆಲ್ಲಿ ಎಂಬ ಹಳೆಯ ಕರಿಯ ಹಾಡುಗಾರನ ದನಿಯಿಂದ ಕಲಿತ ಒಂದು. ಆ ರಾತ್ರಿ ಕಿವಿಗೊಟ್ಟವನಿಗೆ ಒಂದು ತಂಡದಿಂದ ಮೂರು ಬಾಗಿಲು ತೆರೆದವು. ಹೊಸ ತಂಡ ಹುಡುಕುವವರು ನೆನಪಿಡಬೇಕಾದ ಮೊದಲ ಉಪಾಯ ಇದೇ: ನೀವು ಮೆಚ್ಚಿದವರು ಯಾರನ್ನು ಮೆಚ್ಚುತ್ತಾರೆ ಎಂಬುದನ್ನು ಕೇಳಿ.

ಇನ್ನು ಇಷ್ಟು ದೂರ ಬೇಡ, ನಮ್ಮ ಕಡೆಗೆ ಬರೋಣ. 1993ರಲ್ಲಿ ರಾಕ್ ಸಂಗೀತಕ್ಕಾಗಿಯೇ ‘ರಾಕ್ ಸ್ಟ್ರೀಟ್ ಜರ್ನಲ್’ ಎಂಬ ಪತ್ರಿಕೆ ಹುಟ್ಟಿತು. ಎಲ್ಲಿ? ಮುಂಬೈಯಲ್ಲಲ್ಲ, ಬೆಂಗಳೂರಿನಲ್ಲಲ್ಲ, ಅಲಹಾಬಾದಿನಲ್ಲಿ. 2012ರಲ್ಲಿ ತೀರಿಕೊಂಡ ಅಮಿತ್ ಸೈಗಲ್ ಅದರ ಮೂಲಪುರುಷ. ಆವರೆಗೆ ನಮ್ಮ ತಂಡಗಳು ಹೆಚ್ಚಾಗಿ ವಿಲಾಯತಿ ಹಾಡುಗಳನ್ನೇ ಒಪ್ಪಿಸುತ್ತಿದ್ದವು. ಸ್ವಂತ ಹಾಡು ಕಟ್ಟುವವರಿಗೆ ಈ ಪತ್ರಿಕೆ, ಅದು ನಡೆಸಿದ ‘ಗ್ರೇಟ್ ಇಂಡಿಯನ್ ರಾಕ್’ ಉತ್ಸವ, ಇವು ಆಸರೆಯಾದವು. ಬೆಂಗಳೂರಿನಲ್ಲಿ ತೊಂಬತ್ತರ ದಶಕದಲ್ಲಿ ಶುರುವಾದ ‘ಫ್ರೀಡಂ ಜಾಮ್’ ಆಗಸ್ಟ್ 15ರ ಹಬ್ಬಕ್ಕೆ ಟಿಕೇಟಿಲ್ಲದೆ ಹತ್ತಾರು ತಂಡಗಳನ್ನು ಕೇಳಿಸಿತು.

ಆ ಊರಿನ ತಂಡಗಳ ಹೆಸರುಗಳೇ ಒಂದು ತಮಾಷೆ. ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂಬ ತಂಡ 1996ರಲ್ಲಿ ಕಾಲೇಜು ಹುಡುಗರಿಂದ ಆದದ್ದು. ಮೂವರು ಮಲೆಯಾಳಿಗಳು ಮತ್ತೊಂದು ಕಾಲು ಭಾಗ ಎಂಬುದನ್ನೇ ಒಡೆದು ಜೋಡಿಸಿದ ಹೆಸರಂತೆ ಅದು. ಇನ್ನೊಂದು ತಂಡ ‘ಬೇವರ್ ಸೀ’. ಬರಹದಲ್ಲಿ ಸಮುದ್ರದ ಹೆಸರಿನಂತಿದೆ; ಜೋರಾಗಿ ಅಂದು ನೋಡಿ, ಬೇವರ್ಸಿ! ಉರ್ದುವಿನ ಬೇ-ವಾರಿಸ್, ಮರಾಠಿಯ ಬೇವಾರಸ್, ನಮ್ಮ ಬೈಗುಳದ ಬೇವರ್ಸಿ, ಮೂರೂ ಒಂದೇ ಮಾತು, ವಾರಸುದಾರರಿಲ್ಲದವನು ಎಂದು. ಮೂರು ಭಾಷೆಯ ನಡುವೆ ಬದುಕುವ ಉದಗೀರದವರಿಗೆ ಈ ಹೆಸರಿನ ರುಚಿ ಬೆಂಗಳೂರಿನವರಿಗಿಂತ ಹೆಚ್ಚು ಹತ್ತೀತು. 2012ರಲ್ಲಿ ಬಂದ ಇವರ ಮೊದಲ ಆಲ್ಬಮ್ಮು ಗ್ರಂಜಿನ ಅಣ್ಣನಂಥದು: ನಿಧಾನ, ಭಾರ, ಒಡೆದ ದನಿ. ಹಾಡು ಮಾತ್ರ ಇಂಗ್ಲಿಷು.

ಕನ್ನಡವೇ ಬೇಕೆಂದರೆ ಮೈಸೂರಿನಿಂದ ಬಂದ ರಘು ದೀಕ್ಷಿತ್. ಹಲವು ವರ್ಷ ಕಂಪನಿಗಳು ಬೇಡವೆಂದವು. ಕೊನೆಗೆ ಮುಂಬೈಯಲ್ಲಿ ವಿಶಾಲ್–ಶೇಖರ್ ಕೇಳಿ, ತಮ್ಮ ಸಂಸ್ಥೆಯಿಂದ 2008ರಲ್ಲಿ ಆಲ್ಬಮ್ ತಂದರು. ಅದರಲ್ಲಿ ಶಿಶುನಾಳ ಶರೀಫರ ಎರಡು ಪದಗಳಿವೆ. 2010ರಲ್ಲಿ ಇವರ ತಂಡ ಬಿಬಿಸಿಯ ದೂರದರ್ಶನದಲ್ಲಿಯೂ ಹಾಡಿತು. ವಾಸು ದೀಕ್ಷಿತರ ‘ಸ್ವರಾತ್ಮ’ ತಂಡಕ್ಕೆ ದೇಶದ ಗಮನ ಸಿಕ್ಕಿದ್ದು 2006ರ ಒಂದು ರೇಡಿಯೋ ಸ್ಪರ್ಧೆಯಿಂದ. ಇವರಿಬ್ಬರನ್ನೂ ಈಗ ಭೂಗತ ತಂಡಗಳೆನ್ನಲಾಗದು. ಆದರೆ ಹುಡುಕಾಟ ಶುರುಮಾಡುವವರಿಗೆ ಮೊದಲ ಮೆಟ್ಟಿಲಾಗಿ ಒಳ್ಳೆಯವರು.

ಈಗ ಕೈಯಲ್ಲಿರುವ ಮೊಬೈಲಿನ ಮಾತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ನಮ್ಮ ಹಳ್ಳಿಗಳಲ್ಲೂ ಲೋಕದ ಹಾಡೆಲ್ಲ ಕೈಗೆ ಬಂತು. ಆದರೂ ಹುಡುಗರು ಅದೇ ಐವತ್ತು ಹಾಡು ಕೇಳುತ್ತಾರೆ. ಅದು ಅವರ ತಪ್ಪಲ್ಲ, ಎಣಿಕೆಯ ಯಂತ್ರ ಕೆಲಸ ಮಾಡುವ ರೀತಿ. ಈ ಹಾಡು ಕೇಳಿದವರು ಮತ್ತಾವ ಹಾಡು ಕೇಳಿದರು ಎಂದು ಯಂತ್ರ ಲೆಕ್ಕವಿಡುತ್ತದೆ. ಬಹಳ ಜನ ಕೂಡಿಸಿ ಕೇಳಿದ್ದನ್ನು ನಿಮ್ಮ ಮುಂದೆ ತಂದಿಡುತ್ತದೆ. ಒಟ್ಟು ಇನ್ನೂರು ಜನ ಕೇಳಿದ ತಂಡಕ್ಕೆ ಆ ಲೆಕ್ಕದಲ್ಲಿ ತೂಕವೇ ಬರುವುದಿಲ್ಲ. ಕೇಳಿದವರಿಲ್ಲವೆಂದು ತೋರಿಸುವುದಿಲ್ಲ, ತೋರಿಸುವುದಿಲ್ಲವೆಂದು ಕೇಳುವವರಿಲ್ಲ.

ಆದ್ದರಿಂದ ಮುಳ್ಳನ್ನು ನಾವೇ ತಿರುವಬೇಕು. ಸಂಗೀತ ಉತ್ಸವದ ಭಿತ್ತಿಪತ್ರ ಸಿಕ್ಕರೆ ಮೇಲಿನ ದೊಡ್ಡ ಅಕ್ಷರ ಬಿಟ್ಟು ಕೆಳಗಿನ ಸಣ್ಣ ಅಕ್ಷರದ ಹೆಸರು ಓದಿ. ಪುಣೆಯಲ್ಲಿ 2010ರಿಂದ ಶುರುವಾದ ‘ವೀಕೆಂಡರ್’ ಉತ್ಸವದ ಹಳೆಯ ಭಿತ್ತಿಪತ್ರಗಳು ಈಗಲೂ ನೋಡಲು ಸಿಗುತ್ತವೆ; ಲಾತೂರು ಉದಗೀರದಿಂದ ಅಲ್ಲಿಗೆ ಓದಲು ಹೋದ ಹುಡುಗರಂತೂ ಎಷ್ಟೋ ಜನ. ಒಂದು ಹಾಡು ಹಿಡಿಸಿದರೆ ಧ್ವನಿಮುದ್ರಣ ಮಾಡಿದವರು ಯಾರು, ಕೃತಜ್ಞತೆ ಹೇಳಿದ್ದು ಯಾರಿಗೆ, ಡ್ರಮ್ ಬಾರಿಸಿದವನು ಇನ್ನಾವ ತಂಡದಲ್ಲಿದ್ದಾನೆ, ಇದನ್ನು ನೋಡಿ. ಸಣ್ಣ ತಂಡಗಳಲ್ಲಿ ಒಬ್ಬನೇ ಡ್ರಮ್ಮಿನವನು ನಾಲ್ಕು ಕಡೆ ಇರುತ್ತಾನೆ, ನಮ್ಮ ಊರಿನ ತಬಲಾದವನ ಹಾಗೆ. 2008ರಲ್ಲಿ ಆರಂಭವಾದ ‘ಬ್ಯಾಂಡ್‌ಕ್ಯಾಂಪ್’ ಎಂಬಲ್ಲಿ ತಂಡದವರೇ ಹಾಡು ಮಾರುತ್ತಾರೆ. ಕೊಂಡವರು ಇನ್ನೇನು ಕೊಂಡಿದ್ದಾರೆ ಎಂಬುದೂ ಅಲ್ಲಿ ಕಾಣುತ್ತದೆ. ಅಪರಿಚಿತನ ಕಪಾಟು ನೋಡಿದಂತೆ ಅದು, ಯಂತ್ರದ ಸಲಹೆಗಿಂತ ಎಷ್ಟೋ ಮೇಲು. ಕನ್ನಡ ಹಾಡನ್ನು ಕನ್ನಡ ಅಕ್ಷರದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಹುಡುಕಿ. ಸಿಗುವುದು ಬೇರೆ ಬೇರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆದ ಹುಡುಗರಿಗೆ ಅಕ್ಷರ ಬಾರದಿದ್ದರೆ ಬಾಯಿಂದ ಹೇಳಿದರೂ ಮೊಬೈಲು ಬರೆದುಕೊಳ್ಳುತ್ತದೆ.

ಇಷ್ಟೆಲ್ಲ ಹೇಳುವಾಗ ಒಂದು ಮಾತು ಮರೆಯಬಾರದು. ಪಂಕ್ ಮಾಡಿದ ಕೆಲಸ ಮರಾಠವಾಡಕ್ಕೆ ಹೊಸದಲ್ಲ. ಅಣ್ಣಾಭಾವು ಸಾಠೆ, ವಾಮನದಾದಾ ಕರ್ಡಕ ಇವರ ಶಾಹಿರಿಯನ್ನೂ ಜಲಸಾವನ್ನೂ ಯಾವ ಕಂಪನಿ ಸಾಕಿತ್ತು? ಕ್ಯಾಸೆಟ್ಟು ಅಗ್ಗವಾದಾಗ ಭೀಮಗೀತೆಗಳು ಓಣಿ ಓಣಿಗೆ ಹರಿದವು. ಮುಂಬೈಯ ರಮಾಬಾಯಿ ನಗರದಲ್ಲಿ 1997ರಲ್ಲಿ ನಡೆದ ಗೋಲಿಬಾರಿನ ನಂತರ ಪ್ರಾಣ ಕಳೆದುಕೊಂಡ ಹಾಡುಗಾರ ವಿಲಾಸ ಘೋಗ್ರೆಯ ಕತೆಯನ್ನು ಆನಂದ ಪಟವರ್ಧನರ 2011ರ ‘ಜಯ್ ಭೀಮ್ ಕಾಮ್ರೇಡ್’ ಚಿತ್ರದಲ್ಲಿ ನೋಡಬಹುದು. 2018ರ ಜನವರಿಯಲ್ಲಿ ಚೆನ್ನೈಯಲ್ಲಿ ಮೊದಲ ಕಚೇರಿ ಕೊಟ್ಟ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡ ಕೇರಿಯ ಗಾನಾ ಹಾಡು, ಪರೆವಾದ್ಯ, ಗಿಟಾರು ಮೂರನ್ನೂ ಕೂಡಿಸಿತು. ಅದನ್ನು ಮೆಚ್ಚುವ ಹುಡುಗ ತನ್ನ ಓಣಿಯ ಜಲಸಾದವರನ್ನು ಕೇಳದಿದ್ದರೆ ಅರ್ಧ ಕೇಳಿದ ಹಾಗೆ.

ನಮ್ಮ ಕನ್ನಡದ ಪಾಲೂ ಇಲ್ಲಿದೆ. ಮೊಹರಂ ಹಬ್ಬದ ರಿವಾಯತ ಪದ, ಏಕತಾರಿಯ ತತ್ವಪದ, ಡೊಳ್ಳಿನ ಪದ. ಉಮರಗಾದಿಂದ ಹೈದರಾಬಾದಿನ ಹೆದ್ದಾರಿ ಹಿಡಿದರೆ ಸಿಗುವ ಹುಮನಾಬಾದಿನ ಮಾಣಿಕಪ್ರಭುಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮರಾಠಿ, ಕನ್ನಡ, ಹಿಂದಿ ಹೀಗೆ ಹಲವು ಭಾಷೆಯಲ್ಲಿ ಪದ ಕಟ್ಟಿದರು. ಯಾವ ಭಾಷೆಯಲ್ಲಿ ಹಾಡಬೇಕೆಂಬ ಚಿಂತೆ ಅವರಿಗಿರಲಿಲ್ಲ. 1956ಕ್ಕೆ ಮೊದಲು ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯವೇ. ಗೆರೆ ಬದಲಾಯಿತು, ಅಡಿಗೆಮನೆಯ ಮಾತು ಬದಲಾಗಲಿಲ್ಲ. ಆ ಮಾತಿನಲ್ಲಿ, ಅರ್ಧ ಮರಾಠಿ ಕಾಲು ದಖ್ಖನಿ ಬೆರೆತ ಕನ್ನಡದಲ್ಲಿ, ನಾಳೆ ನಿಲಂಗಾದ ಮೂವರು ಹುಡುಗಿಯರು ಒಡೆದ ದನಿಯ ಗಿಟಾರು ಹಿಡಿದು ಹಾಡಿದರೆ ಅವರನ್ನು ಬೆಂಗಳೂರು ಹುಡುಕುವುದಿಲ್ಲ, ಪುಣೆಯೂ ಹುಡುಕುವುದಿಲ್ಲ. ಎಣಿಕೆಯ ಯಂತ್ರಕ್ಕೆ ಅದು ಯಾವ ಭಾಷೆ ಎಂಬುದೇ ತಿಳಿಯಲಿಕ್ಕಿಲ್ಲ. ಹುಡುಕುವವರು ಇದ್ದರೆ ನಾವೇ.

ಹಣದ ಮಾತೂ ಒಂದಿದೆ. 2024ರಿಂದ ಸ್ಪಾಟಿಫೈ ಒಂದು ನಿಯಮ ಮಾಡಿದೆ. ಹನ್ನೆರಡು ತಿಂಗಳಲ್ಲಿ ಒಂದು ಹಾಡನ್ನು ಕನಿಷ್ಠ 1000 ಸಲ ಕೇಳದಿದ್ದರೆ ಆ ಹಾಡಿಗೆ ಧ್ವನಿಮುದ್ರಣದ ಗೌರವಧನವಾಗಿ ಕಾಸೂ ಬರುವುದಿಲ್ಲ. 900 ಸಲ ಕೇಳಿದರೂ ಸೊನ್ನೆಯೇ. ಹಾಗಾಗಿ ಮೆಚ್ಚಿದ ತಂಡ ಹಾಡು ಮಾರುತ್ತಿದ್ದರೆ ಒಂದು ಕೊಳ್ಳಿ. ಕೊಳ್ಳಲಾಗದಿದ್ದರೆ ಆ ಹಾಡನ್ನು ಗೆಳೆಯನೊಬ್ಬನಿಗೆ, ಬಜ್ ಆಸ್ಬೋರ್ನ್ ಕೊಟ್ಟಂತೆ, ಕೇಳು ಎಂದು ಹೇಳಿ ಕೈಗೆ ಕೊಡಿ. ಗುಂಪಿಗೆಲ್ಲ ಕಳಿಸಿದರೆ ಯಾರೂ ಕೇಳುವುದಿಲ್ಲ.

ನಿಮ್ಮ ಊರಿನಲ್ಲಿಯೇ ಯಾರಾದರೂ ಇಂಥ ಹಾಡು ಕಟ್ಟುತ್ತಿದ್ದರೆ, ಮೊಬೈಲಿನಲ್ಲಿ ತುಂಬಿಕೊಂಡದ್ದಾದರೂ ಸರಿ, ಈ ಕಾರ್ಯಕ್ರಮಕ್ಕೆ ಕಳಿಸಿಕೊಡಿ. ಹಾಡಿದವರ ಹೆಸರು, ಊರು, ವಾದ್ಯ ನುಡಿಸಿದವರ ಹೆಸರು ಬರೆದಿರಲಿ. ಚೆನ್ನಾಗಿದ್ದರೆ ಎರಡು ಸಲ ಹಾಕೋಣ.